ಹಿತ್ತಿಲ ಹೂವು: ಸಂಜೆಗೆ ಅರಳುವ ಹೊಗೆಸೊಪ್ಪು

ಓದುಗ ತಾಯಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಮಗಳು ಪೇಟೆಯಿಂದ ಹೂವಿನ ತಂಬಾಕಿನ ಬೀಜ ತಂದಿದ್ದಾಳೆ. ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ. ತಂಬಾಕಿನ ಗಿಡವನ್ನು ಅಂಗಳದಲ್ಲಿ ಬೆಳೆಸಬಹುದೆ, ಗುರುಗಳೇ?"

ಹಿರಿಯರ ಸಂಕೋಚ ಸಹಜವಾದುದೇ. ನಿಪ್ಪಾಣಿಯ ಸೀಮೆ ಬೀಡಿಯ ತಂಬಾಕಿಗೆ, ಹುಣಸೂರು ಪಿರಿಯಾಪಟ್ಟಣಗಳ ಸೀಮೆ ಸಿಗರೇಟಿನ ತಂಬಾಕಿಗೆ ಹೆಸರಾಗಿರುವ ನಾಡು ನಮ್ಮದು. ಆದರೆ ಹೂವಿಗಾಗಿ ಬೆಳೆಸುವ ಗಿಡಗಳು ಆ ಬೆಳೆಯ ದಾಯಾದಿಗಳೇ ಹೊರತು ಅದೇ ಅಲ್ಲ. ನಿಕೋಟಿಯಾನಾ ಅಲಾಟ, ನಿಕೋಟಿಯಾನಾ ಸಿಲ್ವೆಸ್ಟ್ರಿಸ್ ಎಂಬಿವೆರಡೂ ದಕ್ಷಿಣ ಅಮೆರಿಕದ ಮೂಲದವು. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜ್ಯಾಂ ನಿಕೊ ಎಂಬಾತನು 1560ರ ಸುಮಾರಿಗೆ ತನ್ನ ಅರಸರಿಗೆ ತಂಬಾಕನ್ನು ಕಳುಹಿಸಿದುದರಿಂದ ಈ ಕುಲಕ್ಕೆ ಅವನ ಹೆಸರೇ ನಿಂತಿತು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಗಳೂ ಇದರ ಬಂಧುಗಳೇ. ಈ ಬಂಧುತ್ವವನ್ನು ಓದುಗರು ನೆನಪಿನಲ್ಲಿಡಬೇಕು. ನಾವು ಅದನ್ನು ಮರೆತು ಕೆಟ್ಟೆವು.

ಬೀಜವು ನಶ್ಯದ ಪುಡಿಯಷ್ಟು ಸಣ್ಣದು. ಮಳೆಯ ರಭಸ ಇಳಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ, ಜರಡಿ ಹಿಡಿದ ಮಣ್ಣು ಮತ್ತು ಎಲೆಗೊಬ್ಬರ ತುಂಬಿದ ಅಗಲವಾದ ಕುಂಡದ ಮೇಲೆ ಅದನ್ನು ಒಣಮರಳಿನೊಡನೆ ಬೆರೆಸಿ ಉದುರಿಸಬೇಕು. ಮೇಲೆ ಮಣ್ಣು ಮುಚ್ಚಲಾಗದು. ಮೊಳೆಯಲು ಅದಕ್ಕೆ ಬೆಳಕು ಬೇಕು. ನಮ್ಮ ಮೊದಲ ಬಿತ್ತನೆಯಲ್ಲಿ ನಾವು ಅರ್ಧ ಅಂಗುಲ ಮಣ್ಣೆಳೆದು ಮೂರು ವಾರ ಕಾದು ಕುಳಿತೆವು. ಎರಡನೆಯ ಸಲ ಮುಚ್ಚದೆ ಬಿಟ್ಟೆವು. ಮೊಳೆತುವು, ಆದರೆ ಚೊಂಬಿನ ನೀರು ಹೊಯ್ದು ಎಲ್ಲವನ್ನೂ ಒಂದು ಮೂಲೆಗೆ ತೊಳೆದುಬಿಟ್ಟೆವು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಿಸುವುದೇ ಸರಿಯಾದ ಕ್ರಮ. ಹತ್ತರಿಂದ ಇಪ್ಪತ್ತು ದಿನಗಳಲ್ಲಿ ಹಸುರು ಕಾಣಿಸಿಕೊಳ್ಳುತ್ತದೆ. ನಾಲ್ಕೆಲೆಯಾದ ಸಸಿಗಳನ್ನು ಕಿತ್ತು ಒಂದೊಂದಡಿ ಅಂತರದಲ್ಲಿ ನೆಡಬೇಕು. ಆಳೆತ್ತರಕ್ಕೆ ಏರುವ ಸಿಲ್ವೆಸ್ಟ್ರಿಸ್‌ಗೆ ಎರಡಡಿಯಾದರೂ ಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ನಿಲ್ಲದ ನೆಲ ಇದ್ದರಾಯಿತು.

ಹಗಲಿನಲ್ಲಿ ನೋಡಿದವರು ಇದನ್ನು ಬಾಡಿದ ಗಿಡವೆಂದೇ ತಿಳಿದಾರು. ದೀಪ ಹಚ್ಚುವ ಹೊತ್ತಿಗೆ ಅಲಾಟದ ಉದ್ದ ಕೊಳವೆಯ ಬಿಳಿಯ ಹೂಗಳು ಒಂದೊಂದಾಗಿ ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತವೆ; ಜೊತೆಗೇ ಪರಿಮಳ ಹೊರಡುತ್ತದೆ. ಅದು ಉದ್ದ ಸೊಂಡಿಲಿನ ರಾತ್ರಿಪತಂಗಗಳಿಗೆ ಕಳುಹಿಸಿದ ಕರೆ. ಇಂದಿನ ಬಣ್ಣಬಣ್ಣದ ಗಿಡ್ಡ ತಳಿಗಳು ಹಗಲಲ್ಲೂ ಅರಳಿರುತ್ತವೆಂದು ಮಾರುವವರು ಹೊಗಳುತ್ತಾರೆ. ಅವುಗಳಲ್ಲಿ ಅನೇಕಕ್ಕೆ ಪರಿಮಳ ಕಡಿಮೆ. ನಮಗೆ ಹಳೆಯ ಬಿಳಿಯದೇ ಮೇಲೆಂದು ತೋರುತ್ತದೆ.

ಇನ್ನು ನಮ್ಮ ತಪ್ಪಿನ ಮಾತು. ಮೂರನೆಯ ವರ್ಷ ಸಸಿಗಳು ಚೆನ್ನಾಗಿ ಬಂದಿದ್ದುವು. ಕಿತ್ತು ನೆಡಲು ಬಂಧುವರ್ಗದ ಹಿರಿಯರೊಬ್ಬರು ನೆರವಾದರು. ಅಂಗೈಯಲ್ಲಿ ತಂಬಾಕು ತಿಕ್ಕುವುದು ಅವರ ಬಹುದಿನದ ಅಭ್ಯಾಸ. ಆ ಕೈಯಿಂದಲೇ ಸಸಿ ಹಿಡಿದರು, ಪಕ್ಕದ ಮಡಿಯಲ್ಲಿ ಟೊಮೆಟೊ ಚಿಗುರನ್ನೂ ಚಿವುಟಿದರು. ತಿಂಗಳೊಳಗೆ ಎರಡು ಮಡಿಗಳ ಎಲೆಗಳಲ್ಲೂ ಹಳದಿ ಹಸುರಿನ ಚಿತ್ತಾರ ಮೂಡಿತು, ಎಲೆ ಸುಕ್ಕಾಯಿತು. ಇದು ತಂಬಾಕಿನ ಮೊಸಾಯಿಕ್ ರೋಗ. 1892ರಲ್ಲಿ ರಷ್ಯದ ಇವಾನೋವ್‌ಸ್ಕಿಯು ರೋಗದ ಗಿಡದ ರಸವನ್ನು ಬ್ಯಾಕ್ಟೀರಿಯಾ ನಿಲ್ಲಿಸುವ ಸೋಸುಕದಲ್ಲಿ ಸೋಸಿದರೂ ರಸವು ರೋಗ ಹರಡುವುದನ್ನು ಕಂಡನು. ವೈರಸ್ ಎಂಬುದರ ಅರಿವು ಆರಂಭವಾದುದೇ ಈ ರೋಗದಿಂದ. ಒಣಗಿಸಿ ಹದಮಾಡಿದ ತಂಬಾಕಿನಲ್ಲಿಯೂ ಅದು ಬಹುಕಾಲ ಉಳಿದು, ಕೈಯಿಂದ, ಕತ್ತರಿಯಿಂದ, ಬಟ್ಟೆಯಿಂದ ಗಿಡಕ್ಕೆ ದಾಟುತ್ತದೆ. ನಮ್ಮ ಹಿತ್ತಿಲಿಗೆ ಬಂದ ದಾರಿ ಅದೇ ಎಂದು ಪ್ರಮಾಣ ಮಾಡಲಾರೆವು. ಆದರೆ ಬೇರೆ ದಾರಿ ನಮಗೆ ಕಾಣಲಿಲ್ಲ.

ಹಿಡಿದ ಗಿಡಕ್ಕೆ ಔಷಧವಿಲ್ಲ. ಎರಡು ಮಡಿಗಳನ್ನೂ ಕಿತ್ತು ಸುಟ್ಟೆವು. ಆ ಹಿರಿಯರು ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದರು. ಅವರೂ ಮಾತಾಡಲಿಲ್ಲ, ನಾವೂ ಆಡಲಿಲ್ಲ. ಕೈ ತೊಳೆದು ಬನ್ನಿರೆಂದು ಮೊದಲ ದಿನವೇ ಹೇಳಬೇಕಾಗಿದ್ದವರು ನಾವು. ತೋಟಗಾರರು ಸಸಿ ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆದು, ಕೆಲಸದ ನಡುನಡುವೆ ಕೆನೆ ತೆಗೆದ ಹಾಲಿನಲ್ಲಿ ಬೆರಳದ್ದುವುದುಂಟು. ಹಾಲು ಆ ವೈರಸ್ಸಿನ ಬಲ ಕುಗ್ಗಿಸುತ್ತದೆ.

ಮುಟ್ಟಿದ ಮೇಲೆಯೂ ಕೈ ತೊಳೆಯಬೇಕು. ಎಲೆ ಕಾಂಡಗಳು ಅಂಟಂಟಾಗಿವೆ, ಗಿಡದ ಸರ್ವಾಂಗವೂ ವಿಷ. ತೆವಳುವ ಕೂಸಿರುವ ಮನೆಯಲ್ಲಿ, ಕರು ಕಟ್ಟುವ ಕಡೆಯಲ್ಲಿ ಇದನ್ನು ನೆಡಬಾರದು. ಪೂಜೆಗೆ ಆದೀತೆ ಎಂದೂ ಆ ತಾಯಿ ಕೇಳಿದ್ದಾರೆ. ಸಂಜೆ ಕೊಯ್ದ ಅಲಾಟದ ಹೂ ಬೆಳಗಿನ ಪೂಜೆಯ ಹೊತ್ತಿಗೆ ಜೋತುಬಿದ್ದಿರುತ್ತದೆ, ನಾವು ಕೊಯ್ಯುವುದಿಲ್ಲ.

ಆದುದರಿಂದ, ತಾಯೀ, ಮಗಳಿಗೆ ಬಿತ್ತಲು ಹೇಳಿರಿ. ಮನೆಯ ಹಿರಿಯರಲ್ಲಿ ತಂಬಾಕಿನ ಅಭ್ಯಾಸವಿದ್ದರೆ ಮಡಿಯ ಬಳಿ ಒಂದು ಬಕೆಟ್ ನೀರು, ಸಾಬೂನು ಇಡಿಸಿರಿ. ನಮ್ಮಲ್ಲಿ ಮರುವರ್ಷ ಅದನ್ನು ಇಟ್ಟವರು ಆ ಹಿರಿಯರೇ. ಕಾಯಿ ಕಂದು ತಿರುಗಿ ಬಾಯಿ ಬಿಡುವ ಮುನ್ನ ಕಾಗದದ ಪೊಟ್ಟಣಕ್ಕೆ ಉದುರಿಸಿಕೊಂಡರೆ, ಒಂದು ಗಿಡದ ಬೀಜವೇ ಇಡೀ ಓಣಿಗೆ ಸಾಲುತ್ತದೆ.