ಮೊದಲು ಹಿಸ್ಟರಿ ತಗೋರಿ, ಡಾಕ್ಟ್ರ

ಕಳೆದ ತಿಂಗಳು ಧಾರವಾಡದಲ್ಲಿ ಒಂದು ಪುಸ್ತಕ ಬಿಡುಗಡೆಯಾಯಿತು. ಬರೆದವರು ನನ್ನ ಸೋದರಮಾವ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, 2005ರಲ್ಲಿ ಇಂಗ್ಲೆಂಡಿಗೆ ಹೋದ ಡಾಕ್ಟರು. ನಾನು ಪ್ರವಾಸ ಸಾಹಿತ್ಯದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು, ಮೇಲಾಗಿ ಮನೆಯ ಹುಡುಗಿ. ಹಾಗಾಗಿ ಪುಸ್ತಕದ ಬಗ್ಗೆ ನಾನೇ ಮಾತಾಡಬೇಕೆಂದು ತೀರ್ಮಾನವಾಗಿತ್ತು. ಹತ್ತು ನಿಮಿಷ ಮಾತಾಡಿದೆ. ‘ಅಪಾರ ಓದು’, ‘ವಿಶಾಲ ಅನುಭವ’, ‘ತಾಯ್ನೆಲದ ತುಡಿತ’ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಫೇಡೆ ಕೊಟ್ಟರು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಮಾ ಓದುತ್ತಾರೆ, ಗೊತ್ತಿದೆ. ಓದಲಿ ಎಂದೇ ಬರೆಯುತ್ತಿದ್ದೇನೆ.

ಪುಸ್ತಕದಲ್ಲಿ ಮೂರು ಭಾಗ. ಮೊದಲನೆಯದು ಪ್ರವಾಸ: ರೋಮಿನ ಕೊಲೊಸಿಯಂ, ಎಡಿನ್‌ಬರೋದ ಕೋಟೆ, ನಾರ್ವೆಯ ನಡುರಾತ್ರಿಯ ಸೂರ್ಯ. ಎರಡನೆಯದು ಇತಿಹಾಸ: ಚರ್ಚಿಲ್, ವಿಕ್ಟೋರಿಯಾ ರಾಣಿ, ಮ್ಯೂಸಿಯಮ್ಮಿನಲ್ಲಿ ಕಂಡ ನಮ್ಮ ವಿಗ್ರಹಗಳು. ಮೂರನೆಯದು ಸಮಾಜ ಮತ್ತು ರಾಜಕೀಯ. ಆದರೆ ಇಲ್ಲಿ ಸಮಾಜವೆಂದರೆ ನಮ್ಮದು, ರಾಜಕೀಯವೆಂದರೂ ನಮ್ಮದು. ಮೀಸಲಾತಿ ಎಷ್ಟು ದಿನ, ನಮ್ಮ ಜನಕ್ಕೆ ಶಿಸ್ತು ಯಾಕಿಲ್ಲ, ಮತದಾರ ದುಡ್ಡಿಗೆ ಯಾಕೆ ಮಾರಿಕೊಳ್ಳುತ್ತಾನೆ. ಭಾಷೆ ಚೊಕ್ಕಟ, ಎಲ್ಲೂ ಬೇಸರ ಬರುವುದಿಲ್ಲ. ಇನ್ನೂರು ಚಿಲ್ಲರೆ ಪುಟ ಮುಗಿಸಿ ಕೆಳಗಿಟ್ಟಾಗ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ. ಈ ಮನುಷ್ಯ ಇಪ್ಪತ್ತು ವರ್ಷ ಯಾವ ಕೆಲಸ ಮಾಡಿದರು?

ಆ ಕೆಲಸದ ಕತೆಯನ್ನು ಅವರು ನನಗೆ ಹೇಳಿದ್ದು ಬಿಡುಗಡೆಯ ಹಿಂದಿನ ರಾತ್ರಿ, ಊಟವಾದ ಮೇಲೆ ಮಾಳಮಡ್ಡಿಯ ರಸ್ತೆಯಲ್ಲಿ ಅಡ್ಡಾಡುವಾಗ. ಲಂಡನ್ನಿಗೆ ಹೋದ ಹೊಸದರಲ್ಲಿ ಈಸ್ಟ್ ಹ್ಯಾಮಿನ ಒಂದು ಮನೆಯಲ್ಲಿದ್ದರಂತೆ. ಒಂದು ಕೋಣೆಗೆ ಆರು ಜನ, ಆರೂ ಜನ ಡಾಕ್ಟರು, ಎಲ್ಲರೂ ಪ್ಲ್ಯಾಬ್ ಪರೀಕ್ಷೆ ಬರೆದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದವರು. ಮಧ್ಯಾಹ್ನದ ಊಟಕ್ಕೆ ಅಲ್ಲಿಯ ಗುಡಿ. ಊರಿಂದ ಫೋನ್ ಬಂದರೆ ‘ಡ್ಯೂಟಿಯೊಳಗ ಅದೀನಿ’ ಅನ್ನುವುದು. ಅಷ್ಟರಲ್ಲಿ 2006 ಬಂತು. ಯುರೋಪಿನ ಹೊರಗಿನ ಡಾಕ್ಟರು ವರ್ಕ್ ಪರ್ಮಿಟ್ ಇಲ್ಲದೆಯೂ ತರಬೇತಿ ಹುದ್ದೆ ಸೇರಬಹುದಾಗಿದ್ದ ಸೌಲಭ್ಯವನ್ನು ಬ್ರಿಟನ್ ಸರಕಾರ ಮಾರ್ಚ್‌ನಲ್ಲಿ ರದ್ದೆಂದು ಸಾರಿ ಏಪ್ರಿಲ್‌ನಲ್ಲಿ ಜಾರಿ ಮಾಡಿತು. ಸಾಲ ಮಾಡಿ ಬಂದಿದ್ದ ಸಾವಿರಾರು ಮಂದಿ ನಡುನೀರಿನಲ್ಲಿ ನಿಂತರು. ಭಾರತ ಮೂಲದ ವೈದ್ಯರ ಸಂಘ ‘ಬಾಪಿಯೊ’ ಕೋರ್ಟಿಗೆ ಹೋಯಿತು. ನುರಿತ ವಲಸಿಗರ ವೀಸಾದಲ್ಲಿದ್ದ ವೈದ್ಯರನ್ನು ಹಿಂದಕ್ಕೆ ಸರಿಸುವಂತಿದ್ದ ಸರಕಾರಿ ಸೂಚನೆ ಕಾನೂನುಬಾಹಿರವೆಂದು 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಮಾಮಾನ ಕೋಣೆಯ ಆರರಲ್ಲಿ ಇಬ್ಬರು ಮರಳಿ ಹೋಗಿದ್ದರು. ಸರ್ಜನ್ ಆಗಬೇಕೆಂದಿದ್ದ ಮಾಮಾ ಸಿಕ್ಕ ಕೆಲಸ ಹಿಡಿದು ವೃದ್ಧರ ವಾರ್ಡಿನ ಡಾಕ್ಟರಾದರು. ಒಬ್ಬ ಮುದುಕ ಎರಡು ದಿನ ಅವರಿಗೆ ಕೈ ಮುಟ್ಟಗೊಡದೆ, ಮೂರನೆಯ ದಿನ ತಾನಾಗಿ ಕೈ ಚಾಚಿದ್ದನ್ನೂ ಹೇಳಿದರು.

“ಮಾಮಾ, ಇದ್ಯಾಕ ಪುಸ್ತಕದಾಗಿಲ್ಲ?” ಅಂದೆ.

“ಏ ಬಿಡವ್ವಾ. ಇದನ್ನ ಯಾರ ಓದ್ತಾರ? ಲಂಡನ್ನಿಗೆ ಹೋಗಿ ಗುಡಿ ಪ್ರಸಾದ ತಿಂದು ಬಂದಾನ ಅಂತ ಮಂದಿ ನಗ್ತಾರ.”

ನನ್ನ ತಕರಾರು ಇಲ್ಲಿಂದ ಶುರು. ಆದರೆ ಅದಕ್ಕೂ ಮೊದಲು, ಊರಲ್ಲಿ ಚಾಲ್ತಿಯಲ್ಲಿರುವ ಇನ್ನೊಂದು ತಕರಾರಿಗೆ ನಾನು ದನಿಗೂಡಿಸುತ್ತಿಲ್ಲ ಎಂದು ಹೇಳಿಬಿಡಬೇಕು. ‘ಅಲ್ಲಿ ಕುಂತು ಇಲ್ಲಿದು ಮಾತಾಡಬ್ಯಾಡ್ರಿ, ನಿಮಗೇನ ಹಕ್ಕ ಐತಿ’ ಅನ್ನುವ ಮಾತು ಅದು. ಇದು ಸೋಮಾರಿ ಮಾತು. ದೂರದಲ್ಲಿ ನಿಂತವರಿಗೆ ಕಾಣುವುದು ಕೆಲವೊಮ್ಮೆ ಹತ್ತಿರದವರಿಗೆ ಕಾಣುವುದಿಲ್ಲ. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬರೆದ ‘ಸಮುದ್ರದಾಚೆಯಿಂದ’ ಕನ್ನಡಕ್ಕೆ ಬೇಡವಾಗಿತ್ತೇ? ಹಕ್ಕು ಎಲ್ಲರಿಗೂ ಇದೆ. ನಾನು ಕೇಳುತ್ತಿರುವುದು ಕ್ರಮದ ಪ್ರಶ್ನೆ.

ಕ್ರಮ ಅಂದರೆ ಡಾಕ್ಟರ ಕ್ರಮವೇ. ಹುಬ್ಬಳ್ಳಿಯಲ್ಲಿ ಹೌಸ್ ಸರ್ಜನ್ ಆಗಿರುವ ನನ್ನ ಗೆಳತಿ ಹೇಳುತ್ತಾಳೆ, ರೋಗಿಯನ್ನು ಮುಟ್ಟುವ ಮೊದಲು ‘ಹಿಸ್ಟರಿ ತಗೋಬೇಕು’ ಎಂಬುದು ವಾರ್ಡಿನ ಮೊದಲ ಪಾಠವಂತೆ. ಎಷ್ಟು ದಿನದಿಂದ ನೋವು, ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ, ಏನು ಉಣ್ಣುತ್ತೀಯಾ. ಆಮೇಲೆ ಕೈಯಿಟ್ಟು ನೋಡುವುದು, ಕಡೆಗೆ ಚೀಟಿ ಬರೆಯುವುದು. ಪರದೇಶದ ನಮ್ಮ ಡಾಕ್ಟರು ಲೇಖನಿ ಹಿಡಿದಾಗ ಈ ಪಾಠ ಮರೆಯುತ್ತಾರೆ. ಇಲ್ಲಿಯ ರೋಗಕ್ಕೆ ಹಿಸ್ಟರಿಯಿಲ್ಲದೆ ಚೀಟಿ ಬರೆಯುತ್ತಾರೆ. ಅಲ್ಲಿಯ ದೇಹವನ್ನು ಮುಟ್ಟದೆ ಫೋಟೊ ತೆಗೆಯುತ್ತಾರೆ.

ಮೀಸಲಾತಿಯ ಅಧ್ಯಾಯವನ್ನೇ ನೋಡಿ. ‘ಪ್ರತಿಭೆಗೆ ಬೆಲೆ ಕೊಡುವ ದೇಶ’ ಎಂದು ಇಂಗ್ಲೆಂಡನ್ನು ಹೊಗಳುತ್ತಾರೆ. ಆದರೆ 2006ರಲ್ಲಿ ಪಾಸ್‌ಪೋರ್ಟಿನ ಬಣ್ಣ ನೋಡಿ ಸಾಲಿನ ಹಿಂದೆ ನಿಲ್ಲಿಸಿದ್ದು ಇದೇ ಮನುಷ್ಯನನ್ನು. ಪ್ರತಿಭೆ ಎಂಬ ಮಾತಿನ ಹಿಂದೆ ಎಷ್ಟು ಬಾಗಿಲು, ಎಷ್ಟು ಚಿಲಕ ಇರುತ್ತವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಓದಿದ್ದು 1957ರಲ್ಲಿ ಶುರುವಾದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ. ಫೀಜು ಅವರ ಅಪ್ಪ ಕೊಟ್ಟದ್ದು ಸ್ವಲ್ಪ, ಉಳಿದದ್ದು ಕೊಟ್ಟದ್ದು ಈ ಊರು. ಈ ಲೆಕ್ಕ ಆ ಅಧ್ಯಾಯದಲ್ಲಿಲ್ಲ.

ಇನ್ನು ಮತದಾರನ ಅಧ್ಯಾಯ. ಮಾಮಾ ಬ್ರಿಟಿಷ್ ಪೌರತ್ವ ಪಡೆದು ವರ್ಷಗಳಾದವು. ಕೈಯಲ್ಲಿ ಒಸಿಐ ಕಾರ್ಡು ಇದೆ, ಆದರೆ ಅದರಿಂದ ಇಲ್ಲಿ ಮತ ಹಾಕಲು ಬರುವುದಿಲ್ಲ. ಅಲ್ಲಿ ಮಾತ್ರ ಪೌರತ್ವ ಸಿಗುವ ಮೊದಲೇ ಅವರಿಗೆ ಮತವಿತ್ತು. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯ, ಕಾಮನ್‌ವೆಲ್ತ್ ಪ್ರಜೆ ಎಂಬ ಕಾರಣಕ್ಕೆ, ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಅಂದರೆ ಮತವಿಲ್ಲದ ಕಡೆಗೆ ಅರವತ್ತು ಪುಟದ ಉಪದೇಶ, ಮತವಿರುವ ಕಡೆಗೆ ಒಂದು ಸಾಲೂ ಇಲ್ಲ. ಬ್ರೆಕ್ಸಿಟ್‌ನಲ್ಲಿ ಮಾಮಾ ಯಾವ ಕಡೆ ಒತ್ತಿದರು? ಜೂನಿಯರ್ ಡಾಕ್ಟರರ ಮುಷ್ಕರದಲ್ಲಿ ಎಲ್ಲಿ ನಿಂತಿದ್ದರು? 2024ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಊರುಗಳಲ್ಲಿ ವಲಸಿಗರ ವಿರುದ್ಧ ಗಲಭೆಯೆದ್ದಾಗ ರಾತ್ರಿ ಪಾಳಿ ಮುಗಿಸಿ ಮನೆಗೆ ಹೇಗೆ ಹೋದರು? ಇದೆಲ್ಲ ರಾಜಕೀಯ ಅಲ್ಲವೇ?

ಇತಿಹಾಸವೂ ಅಷ್ಟೇ. ಚರ್ಚಿಲ್ಲನ ಸಿಗಾರಿನ ಬಗ್ಗೆ ಬರೆಯಲು ಇಂಗ್ಲಿಷರೇ ಬೇಕಾದಷ್ಟಿದ್ದಾರೆ. ಆದರೆ 1948ರ ಜುಲೈ 5ರಂದು ಹುಟ್ಟಿದ ಅವರ ರಾಷ್ಟ್ರೀಯ ಆರೋಗ್ಯ ಸೇವೆ ನಮ್ಮಂಥ ದೇಶಗಳ ಡಾಕ್ಟರರ ಹೆಗಲ ಮೇಲೆ ನಿಂತ ಕತೆಯನ್ನು ಕನ್ನಡಕ್ಕೆ ಹೇಳುವವರು ಯಾರು? ಅಲ್ಲಿಯ ಡಾಕ್ಟರರು ಒಲ್ಲೆನೆಂದ ವೃದ್ಧರ ವಾರ್ಡು, ಮನೋರೋಗದ ವಾರ್ಡು, ವೇಲ್ಸಿನ ಕಲ್ಲಿದ್ದಲು ಕಣಿವೆಗಳ ಸಣ್ಣ ದವಾಖಾನೆಗಳು ನಮ್ಮವರ ಪಾಲಿಗೆ ಬಂದವು. ಇನಾಕ್ ಪೊವೆಲ್ 1960ರಿಂದ 63ರವರೆಗೆ ಆರೋಗ್ಯ ಮಂತ್ರಿಯಾಗಿದ್ದಾಗ ಈ ಡಾಕ್ಟರರಿಲ್ಲದೆ ಆಸ್ಪತ್ರೆ ನಡೆಯುತ್ತಿರಲಿಲ್ಲ. ಅದೇ ಪೊವೆಲ್ 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರಿಂದ ದೇಶ ಹಾಳಾಗುತ್ತದೆಂದು ಕುಖ್ಯಾತ ಭಾಷಣ ಮಾಡಿದ. 2015ರಿಂದ, ಹೊರಗಿನಿಂದ ಬಂದ ಡಾಕ್ಟರು ನರ್ಸುಗಳು ತಾವೇ ದುಡಿಯುವ ಆಸ್ಪತ್ರೆಯ ಸೇವೆಗೆ ವೀಸಾದ ಜೊತೆ ಬೇರೆ ಶುಲ್ಕ ಕಟ್ಟಬೇಕಾಯಿತು. ಅದು ಮಾಫಿಯಾದದ್ದು 2020ರಲ್ಲಿ, ಕೋವಿಡ್ಡಿನ ನಡುವೆ. ಅಷ್ಟರಲ್ಲಿ ಅಲ್ಲಿ ಕೋವಿಡ್ಡಿಗೆ ಬಲಿಯಾದರೆಂದು ಹೆಸರು ಬಂದ ಮೊದಲ ಹತ್ತು ಡಾಕ್ಟರರೂ ಬಿಳಿಯರಲ್ಲದವರಾಗಿದ್ದರು. ಇದು ಮಾಮಾನ ಕಾಲದ, ಮಾಮಾನ ವಾರ್ಡಿನ ಇತಿಹಾಸ.

ಪರದೇಶಿ ಡಾಕ್ಟರು ಹೇಗೆ ಬರೆಯಬಹುದು ಎನ್ನುವುದಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ಉದಾಹರಣೆಯಿದೆ. ಫ್ರಾನ್ಸಿಸ್ ಬುಕಾನನ್, ಎಡಿನ್‌ಬರೋದಲ್ಲಿ ವೈದ್ಯ ಓದಿದ ಸ್ಕಾಟ್ಲೆಂಡಿನವ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹುಕುಮಿನಂತೆ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕರಾವಳಿ ಸುತ್ತಿ, ಘಟ್ಟ ಹತ್ತಿ ಸೋಂದಾ ಬನವಾಸಿಯ ಕಡೆಗೂ ಬಂದ. 1807ರಲ್ಲಿ ಮೂರು ಸಂಪುಟ ಅಚ್ಚಾದವು. ಕೆರೆಗೆ ನೀರು ಎಲ್ಲಿಂದ, ಆಳಿಗೆ ಕೂಲಿ ಎಷ್ಟು, ರಾಶಿಯಲ್ಲಿ ಯಾರ ಪಾಲು ಎಷ್ಟು, ಮಗ್ಗದ ಬಟ್ಟೆ ಎಲ್ಲಿ ಮಾರಾಟ, ಕಬ್ಬಿಣ ಹೇಗೆ ಕರಗಿಸುತ್ತಾರೆ. ಹಳ್ಳಿ ಹಳ್ಳಿಯಲ್ಲಿ ನಿಂತು ಕೇಳಿದ, ಬರೆದುಕೊಂಡ. ಅವನನ್ನು ಹೊಗಳಲು ಹೇಳುತ್ತಿಲ್ಲ. ಅವನದು ಗೆದ್ದವರ ಕಣ್ಣು, ಆ ಲೆಕ್ಕ ಕಂದಾಯಕ್ಕೆ ಬೇಕಾಗಿತ್ತು. ಆದರೂ ಇನ್ನೂರು ವರ್ಷದ ಮೇಲೆ ನಮ್ಮ ಹಳ್ಳಿಯ ಕೂಲಿಯ ಲೆಕ್ಕಕ್ಕೆ ನಮ್ಮ ಸಂಶೋಧಕರು ಅವನ ಪುಟವನ್ನೇ ತಿರುವುತ್ತಾರೆ. ನಮ್ಮ ಡಾಕ್ಟರಿಗೆ ಯಾವ ದೊರೆಯ ಹುಕುಮೂ ಇಲ್ಲ, ಯಾರ ಹಂಗೂ ಇಲ್ಲ. ಬುಕಾನನ್ ನಮ್ಮ ಕೂಲಿ ಕೇಳಿದ ಹಾಗೆ, ಬೆಳಗಿನ ನಾಲ್ಕಕ್ಕೆ ವಾರ್ಡಿನ ನೆಲ ಒರೆಸುವ ಹೆಂಗಸಿಗೆ ಅಲ್ಲಿ ಎಷ್ಟು ಸಂಬಳವೆಂದು ಅವರು ಒಮ್ಮೆಯಾದರೂ ಬರೆಯಬಾರದೇ?

‘ಅಲ್ಲಿಯದು ತಗೊಂಡು ನಮಗೇನು’ ಅನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ. ಸವಿತಾ ಹಾಲಪ್ಪನವರ. ಬೆಳಗಾವಿಯ ಹುಡುಗಿ, ದಂತವೈದ್ಯೆ. ಐರ್ಲೆಂಡಿನ ಗಾಲ್ವೇಯಲ್ಲಿ, ಹದಿನೇಳು ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ನಿರಾಕರಿಸಲಾಯಿತು. ನಂಜು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಗರ್ಭಪಾತಕ್ಕೆ ಅಡ್ಡವಾಗಿದ್ದದ್ದು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿ. ಅದನ್ನು ತೆಗೆಯಬೇಕೆಂದು 2018ರ ಮೇ 25ರಂದು ಐರ್ಲೆಂಡಿನ ಮೂರರಲ್ಲಿ ಎರಡು ಪಾಲು ಮತದಾರರು ಹೇಳಿದರು. ಡಬ್ಲಿನ್ನಿನ ಗೋಡೆಯ ಮೇಲೆ ನಮ್ಮ ಪಕ್ಕದ ಊರಿನ ಹುಡುಗಿಯ ಚಿತ್ರ, ಅದರ ಸುತ್ತ ಜನ ಅಂಟಿಸಿದ ಚೀಟಿಗಳು. ಅಲ್ಲಿಯ ಕಾನೂನು ಇಲ್ಲಿಯ ಮಗಳ ಮೈ ಮುಟ್ಟುತ್ತದೆ. ಇದಕ್ಕಿಂತ ಹತ್ತಿರದ ರಾಜಕೀಯ ಯಾವುದಿದೆ?

ಡಾಕ್ಟರರ ಕಷ್ಟವೂ ನನಗೆ ಗೊತ್ತು. ರೋಗಿಯ ಗುಟ್ಟು ಬಯಲು ಮಾಡುವಂತಿಲ್ಲ, ನೌಕರಿಯ ಅಂಜಿಕೆ ಇರುತ್ತದೆ. ಅದಕ್ಕೇ ಇರಬೇಕು, ಈ ಕೆಲಸ ಕನ್ನಡದಲ್ಲಿ ಹೆಚ್ಚಾಗಿ ಕಾದಂಬರಿಯ ಮರೆಯಲ್ಲಿ ನಡೆದಿದೆ. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಮಿನೆಸೋಟದ ಸಣ್ಣ ಊರಿನ ಆಸ್ಪತ್ರೆಯೊಳಕ್ಕೇ ಹೋಗುತ್ತದೆ. ಸಿಸೇರಿಯನ್ ಒಲ್ಲೆವೆನ್ನುವ ಆಫ್ರಿಕದ ನಿರಾಶ್ರಿತ ಹೆಂಗಸರು, ಗ್ರೀನ್ ಕಾರ್ಡಿಗಾಗಿ ಆ ಊರಲ್ಲಿ ದುಡಿಯುವ ನಮ್ಮ ಡಾಕ್ಟರರು. ಯಾರು ಯಾರಿಗೆ ಪರಕೀಯರು ಎಂಬುದು ಅಲ್ಲಿ ಉಪದೇಶವಾಗಿ ಬರುವುದಿಲ್ಲ, ಹೆರಿಗೆ ಕೋಣೆಯಲ್ಲಿ ಎದುರಾಗುತ್ತದೆ. ಕಾದಂಬರಿಗೆ ಸಾಧ್ಯವಾದದ್ದು ಪ್ರಬಂಧಕ್ಕೆ ಯಾಕಾಗಬಾರದು? ರೋಗಿಯ ಹೆಸರು ಯಾರಿಗೆ ಬೇಕು? ನಿಯಮ, ಸಂಬಳ, ಪಾಳಿ, ಅವಮಾನ, ಆಮೇಲೆ ಬೆಳೆದ ಸಲಿಗೆ, ಇಷ್ಟು ಸಾಕು.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅವರಿಂದ ನಾವು ಬಯಸಿದ್ದು ಎರಡೇ: ಒಂದು ಬೆರಗು, ಇನ್ನೊಂದು ಹಂಬಲ. ‘ಮ್ಯಾಂಚೆಸ್ಟರಿನಾಗ ರೊಟ್ಟಿ ಸಿಗ್ತಾವೇನ್ರಿ’ ಎಂದು ಕೇಳಿದೆವು, ಗುಡಿಯ ಊಟಕ್ಕೆ ಸಾಲು ನಿಂತ ಡಾಕ್ಟರನನ್ನು ಕೇಳಲಿಲ್ಲ. ಸೋತವನ ಪ್ರವಾಸಕ್ಕೆ ನಾವು ಶಾಲು ಹೊದಿಸುವುದಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ನಾನೂ ಇಂಥ ಪುಸ್ತಕಗಳನ್ನೆಲ್ಲ ‘ತಾಯ್ನಾಡಿನ ಹಂಬಲ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಪಕ್ಕಕ್ಕಿಟ್ಟಿದ್ದೆ. ಈಗ ಅದನ್ನು ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ.

ಕಡೆಯದಾಗಿ ಮನೆಯ ಮಾತು. ಅಜ್ಜಿ ಕುಂದಗೋಳದ ಹತ್ತಿರದ ಹಳ್ಳಿಯಲ್ಲಿ ಆರು ವರ್ಷ ಹಾಸಿಗೆ ಹಿಡಿದಿದ್ದಳು. ಮೈ ತೊಳೆದದ್ದು, ಅಂಬಲಿ ಕುಡಿಸಿದ್ದು ನಮ್ಮವ್ವ. ಮಾಮಾ ತಿಂಗಳಿಗೆ ರೊಕ್ಕ ಕಳಿಸುತ್ತಿದ್ದರು, ಫೋನಿನಲ್ಲಿ ಔಷಧ ಹೇಳುತ್ತಿದ್ದರು, ತೀರಿಕೊಂಡ ಮೂರನೆಯ ದಿನಕ್ಕೆ ಬಂದು ಮುಟ್ಟಿದರು. ಅದೇ ಆರು ವರ್ಷ ಅವರು ಅಲ್ಲಿ ಪರರ ತಾಯಂದಿರ ಮಗ್ಗುಲು ಹೊರಳಿಸಿ ಬೆನ್ನ ಹುಣ್ಣು ನೋಡುತ್ತಿದ್ದರು. ನಾನು ದೂರುತ್ತಿಲ್ಲ, ಅವ್ವನೂ ದೂರಿಲ್ಲ. ಆದರೆ ಮುಪ್ಪನ್ನು ಯಾರು ನೋಡಿಕೊಳ್ಳಬೇಕು, ಸರಕಾರವೋ, ಮಗನೋ, ಸಂಬಳವಿಲ್ಲದ ಮಗಳೋ, ಈ ಪ್ರಶ್ನೆಯನ್ನು ಎರಡೂ ದಂಡೆಯಲ್ಲಿ ನಿಂತು ನೋಡಿದವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಅವರ ಪುಸ್ತಕದಲ್ಲಿ ಕೊಲೊಸಿಯಮ್ಮಿಗೆ ಹನ್ನೊಂದು ಪುಟ ಇವೆ. ಅಜ್ಜಿಗೆ ಅರ್ಪಣೆಯ ಒಂದು ಸಾಲು.

ಮಾಮಾ, ಮುಂದಿನ ಪುಸ್ತಕ ಈಸ್ಟ್ ಹ್ಯಾಮಿನ ಆ ಕೋಣೆಯಿಂದ ಶುರುವಾಗಲಿ. ಮಂದಿ ನಗೋದಿಲ್ಲ, ನಕ್ಕರ ನಗಲಿ. ಬಿಡುಗಡೆಗೆ ನನ್ನನ್ನ ಕರೀರಿ. ಆಗ ಹೊಗಳಿಕೆ ಖರೇನ ಇರತೈತಿ.