ವಕೀಲರು ಹಳ್ಳಿಗೆ ಬರಲಿ

ಸಾರ್ವಜನಿಕ ಹಿತಕ್ಕಾಗಿ ಸರ್ಕಾರವು ಪ್ರಜೆಯ ಭೂಮಿಯನ್ನು ತೆಗೆದುಕೊಳ್ಳಬಹುದೆಂಬುದು ನಿರ್ವಿವಾದ. ಆದರೆ ಹೇಗೆ ತೆಗೆದುಕೊಳ್ಳಬೇಕೆಂಬುದಕ್ಕೂ ಕಾನೂನಿದೆ. 1978ರ ತಿದ್ದುಪಡಿಯಿಂದ ಆಸ್ತಿಯು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. ಆದರೂ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಕೂಡದೆಂದು ಸಂವಿಧಾನದ 300ಎ ವಿಧಿ ಸಾರುತ್ತದೆ.

1894ರ ಕಾಯಿದೆಯ ಸ್ಥಾನದಲ್ಲಿ ಬಂದ 2013ರ ಭೂಸ್ವಾಧೀನ ಕಾಯಿದೆಯಂತೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವುಂಟು. ರಾಷ್ಟ್ರೀಯ ಹೆದ್ದಾರಿಗಾದರೆ 1956ರ ಕಾಯಿದೆಯಂತೆ 21 ದಿನಗಳು ಮಾತ್ರ. ನಮ್ಮ ವಸ್ತಾರೆಯ ಕಡೆ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ 21 ದಿನ ಕಳೆದುದೇ ತಿಳಿಯದು! ಭೂಮಿಗಲ್ಲದೆ ಗಿಡಮರಗಳಿಗೂ ಬೆಲೆ ಕಟ್ಟಬೇಕು, ಪರಿಹಾರದ ಮೇಲೆ ಅಷ್ಟೇ ಮೊತ್ತವನ್ನು ಮತ್ತೆ ಸೇರಿಸಿ ಕೊಡಬೇಕು ಎಂದು 2013ರ ಕಾಯಿದೆ ಹೇಳುತ್ತದೆ. ಇದನ್ನು ಬಲ್ಲ ಸಣ್ಣ ಬೆಳೆಗಾರರೆಷ್ಟು ಮಂದಿ?

ಬಲ್ಲವರು ವಕೀಲರು. ಆದರೆ ನಾವು ಅವರ ಬಳಿಗೆ ಹೋಗುವುದು ಕೆಲಸ ಕೆಟ್ಟ ಮೇಲೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಸ್ತ್ರೀಯರಿಗೂ ಪರಿಶಿಷ್ಟರಿಗೂ ಬಡವರಿಗೂ ಉಚಿತ ನೆರವನ್ನು ಒದಗಿಸಿದೆ. ಆ ನೆರವು ನೋಟೀಸು ಬರುವ ಮೊದಲೇ, ತಿಳಿಗನ್ನಡದಲ್ಲಿ, ಪಂಚಾಯಿತಿಯ ಜಗಲಿಯ ಮೇಲೆಯೇ ದೊರೆಯಬೇಕೆಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳಾದ ನಾವೂ ಸುಮ್ಮನಿರಬಾರದು. ರಜೆಯಲ್ಲಿ ಮನೆಯ ಪಹಣಿಯನ್ನೊಮ್ಮೆ ಓದಿ ನೋಡೋಣ. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಯು ಪರಿಹಾರ ಪಡೆಯುವ ದಿನ ಮೊಮ್ಮಕ್ಕಳಿಗೆ ಅಡ್ಡ ನಿಲ್ಲುತ್ತದೆ.