ಗಾಳಿಯ ಜಮಾ-ಖರ್ಚು

ಮಕ್ಕಳೇ, ಹಿರಿಯರೇ, ಈ ವಾರ ಬಚ್ಚಲುಮನೆಯ ಸಮಾಚಾರ. ಮೂಗು ಮುರಿಯಬೇಡಿ, ಮೂಗಿಗೆ ಸಂಬಂಧಪಟ್ಟ ವಿಷಯವೇ.

ನಾನು ಹುಡುಗನಾಗಿದ್ದಾಗ ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ. ಹೊಗೆ, ಹಬೆ ಎರಡೂ ಹೆಂಚಿನ ಸಂದಿನಿಂದ ತಾವಾಗಿಯೇ ಹೋಗುತ್ತಿದ್ದವು. ಈಗ ಶಿವಮೊಗ್ಗದ ನಮ್ಮ ಮನೆಯ ಬಚ್ಚಲಿಗೆ ಆರ್‌ಸಿಸಿ ಛಾವಣಿ, ಸುತ್ತ ಟೈಲ್ಸ್, ಬಿಗಿ ಬಾಗಿಲು. ಮಳೆಗಾಲ ಬಂತೆಂದರೆ ಮೂಲೆಯಲ್ಲೆಲ್ಲ ಕಪ್ಪು ಬೂಷ್ಟು.

"ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ" ಎಂದು ನನ್ನಾಕೆ ಎರಡು ವರ್ಷದಿಂದ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಊರವರ ಅರ್ಜಿಗಳನ್ನೆಲ್ಲ ವಿಲೇವಾರಿ ಮಾಡಿದ ನಾನು, ಮನೆಯ ಅರ್ಜಿಯೊಂದನ್ನು ಬಾಕಿ ಇಟ್ಟಿದ್ದೆ.

ಕಳೆದ ತಿಂಗಳು ಒಂದು ಭಾನುವಾರ ಆಕೆ ಎಣ್ಣೆಸ್ನಾನಕ್ಕೆ ಹೋದಳು. ಚಳಿಯೆಂದು ಕಿಟಕಿ ಮುಚ್ಚಿದ್ದಳು. ಒಳಗೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಏಳನೇ ತರಗತಿಯ ಮೊಮ್ಮಗಳು ಬಾಗಿಲು ಬಡಿದಳು. ಉತ್ತರವಿಲ್ಲ. ಜೋರಾಗಿ ಬಡಿದ ಮೇಲೆ ಚಿಲಕ ಸರಿಯಿತು. ಆಕೆ ಹೊಸ್ತಿಲಲ್ಲೇ ಕುಸಿದು ಕುಳಿತಳು. ತಲೆಸುತ್ತು, ವಾಕರಿಕೆ. ಅಂಗಳದ ಗಾಳಿಗೆ ಕರೆತಂದು, ಅಲ್ಲಿಂದಲೇ ಆಸ್ಪತ್ರೆಗೆ ಓಡಿದೆವು.

"ಬಿಪಿ ಅಲ್ಲ, ಕೆಟ್ಟ ಗಾಳಿ" ಎಂದರು ಡಾಕ್ಟರು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದು ಆಮ್ಲಜನಕ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣವನ್ನೇ ತೆಗೆಯಬಲ್ಲದು. ದೇವರ ದಯೆ, ಮೊಮ್ಮಗಳ ದಯೆ, ಆಕೆ ಸಂಜೆಗೆ ಮನೆಗೆ ಬಂದಳು.

ಮರುದಿನವೇ ಫ್ಯಾನ್ ತರಲು ಹೊರಟೆ. ಮೊಮ್ಮಗಳು ತಡೆದಳು.

"ತಾತಾ, ಫ್ಯಾನ್ ಗಾಳೀನ ಹೊರಗೆ ಹಾಕುತ್ತೆ. ಒಳಗೆ ಗಾಳಿ ಎಲ್ಲಿಂದ ಬರುತ್ತೆ?"

ಬಿಕಾಂ ಓದಿದ ನನಗೆ ಹೊಳೆಯದ ಲೆಕ್ಕ ಅದು. ಖರ್ಚು ಬರೆದ ಮೇಲೆ ಜಮಾ ಬೇಡವೇ? ಎಲ್ಲ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಸುಮ್ಮನೆ ತಿರುಗೀತು, ಹಬೆ ಹೋಗದು. ಸಾಲದ್ದಕ್ಕೆ, ಗೀಸರಿನ ಕೊಳವೆಯಿಂದ ಹೊರಹೋಗಬೇಕಾದ ಕೆಟ್ಟ ಗಾಳಿಯನ್ನೇ ಅದು ಒಳಕ್ಕೆ ಎಳೆದೀತು. ಆದ್ದರಿಂದ ಮೊದಲು ಗೀಸರ್ ಬಚ್ಚಲಿನಿಂದಾಚೆ ಹೋಯಿತು. ಹಿತ್ತಲ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ತಂದೆವು. ಫ್ಯಾನ್ ಇರುವುದು ಹಬೆಗೆ. ಗ್ಯಾಸಿನ ಅಪಾಯಕ್ಕೆ ಅದು ಮದ್ದಲ್ಲ.

ಆಮೇಲೆ ಇಬ್ಬರೂ ಟೇಪು ಹಿಡಿದೆವು. ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ, 9 ಅಡಿ ಎತ್ತರ: 360 ಘನ ಅಡಿ. ಗಂಟೆಗೆ ಹತ್ತು ಸಲವಾದರೂ ಗಾಳಿ ಬದಲಾಗಲೆಂದರೆ 3600 ಘನ ಅಡಿ, ಅಂದರೆ ನಿಮಿಷಕ್ಕೆ 60. ಡಬ್ಬಿಯ ಮೇಲೆ ಘನ ಮೀಟರಿನಲ್ಲಿ ಬರೆದಿದ್ದರೆ ಗಂಟೆಗೆ ಸುಮಾರು 102. ಬಲೆ, ಮುಚ್ಚಳಗಳಿಂದ ಗಾಳಿ ಸ್ವಲ್ಪ ತಡೆಯುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚಿನ ಅಂಕಿಯದನ್ನೇ ಆರಿಸಬೇಕು. ನಾವು 6 ಅಂಗುಲದ್ದು ತಂದೆವು. ಅಂಗಡಿಯಲ್ಲೇ ಹಾಕಿಸಿ ಸದ್ದು ಕೇಳಿದೆವು. ಸದ್ದು ಜೋರಾದರೆ ಮನೆಯವರು ಫ್ಯಾನ್ ಹಾಕುವುದನ್ನೇ ಬಿಡುತ್ತಾರೆ. ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಗಳಿದ್ದರೆ ಹಲ್ಲಿ, ಎರಚಲು ಒಳಗೆ ಬರುವುದು ಕಡಿಮೆ.

ಬಾಗಿಲಿನ ಎದುರು ಗೋಡೆಯಲ್ಲಿ, ಛಾವಣಿಗೆ ಹತ್ತಿರ ಕೂರಿಸಿದೆವು. ಬಿಸಿ ಹಬೆ ಮೇಲೇರುತ್ತದಲ್ಲವೇ? ಬಾಗಿಲ ಕೆಳಗೆ ಮುಕ್ಕಾಲು ಅಂಗುಲ ಸಂದು ಬಿಡಿಸಿದೆ. ಅದೇ ನಮ್ಮ ಜಮಾ. ಫ್ಯಾನಿನ ಪಕ್ಕದ ಕಿಟಕಿ ತೆರೆದಿದ್ದರೆ ಅಲ್ಲಿಂದ ಬಂದ ಗಾಳಿಯೇ ಮತ್ತೆ ಹೊರಹೋಗುತ್ತದೆ, ಮೂಲೆಯ ಹಬೆ ಅಲ್ಲೇ ಉಳಿಯುತ್ತದೆ. ವೈರಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಟ್ಟೆವು. ಸ್ವಿಚ್ ಬಚ್ಚಲಿನ ಹೊರಗೆ.

ಸ್ನಾನದ ಮೇಲೆ ಇಪ್ಪತ್ತು ನಿಮಿಷ ಓಡಿಸುತ್ತೇವೆ. ಮೂವರ ಸ್ನಾನಕ್ಕೆ ದಿನಕ್ಕೆ ಒಂದು ಗಂಟೆ. 30 ವ್ಯಾಟಿನ ಫ್ಯಾನು ತಿಂಗಳಿಗೆ ಒಂದು ಯೂನಿಟ್ಟೂ ತಿನ್ನುವುದಿಲ್ಲ. ಇಷ್ಟು ಚಿಕ್ಕ ಖರ್ಚಿಗೆ ಎರಡು ವರ್ಷ ತಡಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಅದನ್ನು ನನ್ನಾಕೆಗೆ ಹೇಳಿಯೂ ಹೇಳಿದೆ. "ಈಗಲಾದರೂ ಲೆಕ್ಕ ಬಂತಲ್ಲ" ಎಂದಳು.

ಮಕ್ಕಳೇ, ಈ ವಾರದ ಮನೆಗೆಲಸ: ನಿಮ್ಮ ಬಚ್ಚಲನ್ನು ಅಳೆದು ಲೆಕ್ಕ ಹಾಕಿ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ದೊಡ್ಡವರಿಗೆ ಹೇಳಿ. ಅಜ್ಜಿ ಸ್ನಾನಕ್ಕೆ ಹೋಗಿ ಬಹಳ ಹೊತ್ತಾಯಿತೇ? ಸಂಕೋಚ ಬೇಡ, ಬಾಗಿಲು ಬಡಿಯಿರಿ. ಬೈದರೆ ಬೈಯಲಿ. ಆ ಬೈಗುಳ ಕೇಳುವುದೇ ಒಂದು ಭಾಗ್ಯ.